ಚೀನಾದಲ್ಲಿದ್ದು ಚೀನೀ ಕಲಿಯುವುದು: ಮಲಪ್ರಭಾ ಸೀಮೆಯಿಂದ ಒಂದು ಸಮೀಕ್ಷೆ

ಕಲಿಯಬೇಕಾದ ಭಾಷೆಯನ್ನಾಡುವ ಜನರ ನಡುವೆಯೇ ಕೆಲವು ತಿಂಗಳು ಇಲ್ಲವೆ ವರ್ಷ ನೆಲೆಸಿ, ಪಾಠದ ಹೊತ್ತಿನಲ್ಲಷ್ಟೇ ಅಲ್ಲದೆ ಊಟ, ಸಂತೆ, ಪ್ರಯಾಣಗಳಲ್ಲಿಯೂ ಅದೊಂದೇ ಭಾಷೆಯಲ್ಲಿ ವ್ಯವಹರಿಸುತ್ತ ಅದನ್ನು ಕೈವಶ ಮಾಡಿಕೊಳ್ಳುವ ಪದ್ಧತಿಗೆ ಇಂಗ್ಲಿಷಿನಲ್ಲಿ ಇಮ್ಮರ್ಷನ್ ಎಂಬ ಹೆಸರಿದೆ. ಈ ಲೇಖನದಲ್ಲಿ ಅದನ್ನು ವಾಸಕಲಿಕೆ ಎಂದು ಕರೆಯಲಾಗಿದೆ. ವಿದೇಶೀಯರಿಗೆ ಚೀನೀ ಭಾಷೆಯನ್ನು ಈ ಬಗೆಯಲ್ಲಿ ಕಲಿಸುವ ಕೇಂದ್ರಗಳು ತೈಪೆ, ಬೀಜಿಂಗ್ ನಗರಗಳಲ್ಲಿ ಅರವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಗೆ ಈ ವಿಷಯ ತೀರ ದೂರದ್ದೆಂದು ಮೇಲ್ನೋಟಕ್ಕೆ ತೋರಿದರೂ ಎರಡು ಕಾರಣಗಳಿಂದ ಅದು ಹತ್ತಿರದ್ದೇ ಆಗಿದೆ. ಪರಭಾಷೆಯವರು ಬಂದು ನೆಲೆಸಿ ಕನ್ನಡ ಕಲಿತ ಇನ್ನೂರು ವರ್ಷಗಳ ದಾಖಲೆ ಈ ಸೀಮೆಗೂ ನೆರೆಯ ಧಾರವಾಡಕ್ಕೂ ಇದೆ ಎಂಬುದು ಮೊದಲನೆಯ ಕಾರಣ. ಕರ್ನಾಟಕದ ಸಣ್ಣ ಊರುಗಳಿಂದಲೂ ವೈದ್ಯಕೀಯ ಪದವಿಗಾಗಿ ಚೀನಾಕ್ಕೆ ಹೋಗುವ ಮಕ್ಕಳು ಐದಾರು ವರ್ಷ ಅಲ್ಲಿಯೇ ಇರಬೇಕಾಗಿ ಬಂದಿರುವುದು ಎರಡನೆಯದು. ಪರಭಾಷೆಯ ನಾಡಿನಲ್ಲಿ ಇದ್ದ ಮಾತ್ರಕ್ಕೆ ಆ ಭಾಷೆ ಬಂದೀತೆ, ಬರುವುದಾದರೆ ಯಾವ ಷರತ್ತುಗಳ ಮೇಲೆ ಎಂಬ ಪ್ರಶ್ನೆಗೆ ಈ ಎರಡನ್ನೂ ಜೊತೆಗಿರಿಸಿ ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ.

ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ಭಾಷೆ ಕಲಿಯದ ಅಧಿಕಾರಿಗೆ ಬಡ್ತಿ ಕಷ್ಟವಾಗಿತ್ತು. ಮದ್ರಾಸಿಗೆ ಬಂದಿಳಿದ ಎಳೆಯ ಅಧಿಕಾರಿಗಳು 1812ರಲ್ಲಿ ಆರಂಭವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಮುನ್ಶಿಗಳಿಂದ, ಎಂದರೆ ಸಂಬಳಕ್ಕೆ ಭಾಷೆ ಕಲಿಸುವ ದೇಶೀಯ ಶಿಕ್ಷಕರಿಂದ, ಪಾಠ ಹೇಳಿಸಿಕೊಂಡು ಆಮೇಲೆ ಜಿಲ್ಲೆಗಳಿಗೆ ಹೊರಡುತ್ತಿದ್ದರು. 1821ರಲ್ಲಿ ಬಂದ ವಾಲ್ಟರ್ ಎಲಿಯಟ್ ಈ ದಾರಿಯಲ್ಲಿ ಬಂದವನು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದಾಗ ಸ್ಟೀವನ್ಸನ್ ಎಂಬವನೊಂದಿಗೆ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಎಲಿಯಟ್, ಡಿಸೆಂಬರ್ ಆರಂಭದವರೆಗೆ ಅಲ್ಲಿ ಬಂದಿಯಾಗಿದ್ದನು. ಕನ್ನಡಿಗರ ನಡುವೆ ಹಗಲಿರುಳೂ ಇರುವುದೇ ವಾಸಕಲಿಕೆಯಾದರೆ ಆ ಸೆರೆವಾಸಕ್ಕಿಂತ ಗಟ್ಟಿಯಾದದ್ದು ಇನ್ನೊಂದಿರಲಾರದು. ಆದರೆ ಎಲಿಯಟ್‌ನಿಗೆ ಕನ್ನಡ ಒಲಿದದ್ದು ಸೆರೆಯಿಂದಲ್ಲ. 1833ರವರೆಗೆ, ಅಂದು ದಕ್ಷಿಣ ಮರಾಠಾ ಸೀಮೆ ಎನಿಸಿದ್ದ ಇದೇ ಪ್ರದೇಶದಲ್ಲಿ ಉಳಿದು, ಪಂಡಿತರನ್ನು ಜೊತೆಗಿಟ್ಟುಕೊಂಡು ಊರೂರು ತಿರುಗಿ ಶಿಲಾಶಾಸನಗಳನ್ನು ನಕಲು ಮಾಡಿಸಿ ಓದಿಸಿಕೊಂಡ ದುಡಿಮೆಯಿಂದ. ಅವನು ಹೀಗೆ ಕೂಡಿಹಾಕಿದ ಶಾಸನಗಳ ನಕಲುಗಳು 595. ಊರಿನ ವಾಸಕ್ಕೆ ಒಬ್ಬ ಗುರುವೂ ದಿನನಿತ್ಯದ ಒಂದು ಕೆಲಸವೂ ಕೂಡಿದಾಗಲೇ ಭಾಷೆ ಹತ್ತಿತೆಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಹಳೆಯ, ಖಚಿತವಾದ ಉದಾಹರಣೆ ಹುಡುಕಬೇಕಾಗಿಲ್ಲ.

ಅರ್ಧ ಶತಮಾನದ ನಂತರ ಬಂದ ಜಾನ್ ಫೇತ್‌ಫುಲ್ ಫ್ಲೀಟ್‌ನ ವಿಷಯ ಇನ್ನೂ ಬೋಧಪ್ರದವಾಗಿದೆ. 1867ರಲ್ಲಿ ಮುಂಬಯಿ ಸರ್ಕಾರದ ಸೇವೆ ಸೇರಿ 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್ಸ್‌ಪೆಕ್ಟರನಾದ ಈತ ಸವದತ್ತಿ, ಬೆಳಗಾವಿಗಳ ರಟ್ಟರ ಶಾಸನಗಳನ್ನು ಸಂಪಾದಿಸಿದನು. ಅದು ಓದಿನ ಕನ್ನಡ. ಆದರೆ 1880ರ ದಶಕದಲ್ಲಿ ಅವನು ಪ್ರಕಟಿಸಿದ ಲಾವಣಿಗಳು ಪೂರ್ತಿ ಬೇರೆ ಜಾತಿಯವು: ಸಂಗೊಳ್ಳಿ ರಾಯಣ್ಣನ ಲಾವಣಿ, ಬೈಲಹೊಂಗಲದ ಸಂಗ್ಯಾನ ಕೊಲೆಯ ಲಾವಣಿ, ಹಲಗಲಿಯ ಬೇಡರ ಲಾವಣಿ. ಇವುಗಳ ಭಾಷೆ ಯಾವ ವ್ಯಾಕರಣದಲ್ಲಿಯೂ ಅಚ್ಚಾಗಿರಲಿಲ್ಲ. ಸಂಸ್ಕೃತವನ್ನು ಲಂಡನ್ನಿನಲ್ಲೇ ಕಲಿತು ಬಂದಿದ್ದ ವಿದ್ವಾಂಸನಿಗೆ ಇವನ್ನು ಅರ್ಥಮಾಡಿಕೊಳ್ಳಲು ಹಾಡುವವರ ಬಾಯಿಗೇ ಕಿವಿಗೊಡದೆ ಗತಿಯಿರಲಿಲ್ಲ. ಪುಸ್ತಕದ ಭಾಷೆಗೂ ಆಡುಮಾತಿಗೂ ನಡುವಿನ ಈ ಅಂತರ ಚೀನೀ ಕಲಿಯುವವನಿಗೆ ಇನ್ನೂ ದೊಡ್ಡದಾಗಿ ಎದುರಾಗುತ್ತದೆಂಬುದು ಮುಂದೆ ತಿಳಿಯುತ್ತದೆ. ಧಾರವಾಡದಲ್ಲಿ 1837ರಿಂದ ನೆಲೆಯೂರಿದ್ದ ಬಾಸೆಲ್ ಮಿಷನ್ನಿನ ಪಾದ್ರಿಗಳೂ ಇದೇ ಬಗೆಯಲ್ಲಿ ಕಲಿತವರು; 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಪ್ರಕಟಿಸಿದ, ಸುಮಾರು 70,000 ಶಬ್ದಗಳ ನಿಘಂಟು ಆ ಕಲಿಕೆಯ ಫಲ. ಅವರಿಗೆ ಕನ್ನಡ ಬಾರದಿದ್ದರೆ ಉಪದೇಶವೇ ಇಲ್ಲ, ಉಪದೇಶವಿಲ್ಲದಿದ್ದರೆ ಬಂದ ಕಾರಣವೇ ಇಲ್ಲ. ಅಗತ್ಯ ಅಷ್ಟು ಬಿಗಿಯಾಗಿತ್ತು.

ಇದಕ್ಕೆ ಎದುರಾದ ಉದಾಹರಣೆಯೂ ಇಲ್ಲಿಯೇ ಇದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಮಹಾರಾಷ್ಟ್ರದಿಂದ ಬರುವ ಭಕ್ತರಿಗೆ ಕುಂಕುಮ, ಭಂಡಾರ, ಬಳೆ ಮಾರುವ ಅಂಗಡಿಯವರು ಬೆಲೆ ಹೇಳುವುದು, ಚೌಕಾಶಿ ಮಾಡುವುದು, ದಾರಿ ತೋರಿಸುವುದು ಎಲ್ಲವನ್ನೂ ಮರಾಠಿಯಲ್ಲಿ ಸರಾಗವಾಗಿ ನಡೆಸುತ್ತಾರೆ. ಅದೇ ಅಂಗಡಿಯವರ ಮುಂದೆ ಒಂದು ಮರಾಠಿ ಪತ್ರಿಕೆಯನ್ನು ಹಿಡಿದರೆ ಓದಿ ಹೇಳಬಲ್ಲವರು ಬಹಳ ಮಂದಿ ಇರಲಾರರು. ವ್ಯಾಪಾರಕ್ಕೆ ಎಷ್ಟು ಬೇಕೋ ಅಷ್ಟು ಭಾಷೆ ಬಂದು ಅಲ್ಲಿಗೇ ನಿಂತಿರುತ್ತದೆ. ಮರಾಠಿ ಮಾತಿನ ಭಾವೆ ಮನೆತನ ಕನ್ನಡ ಪ್ರಜೆಗಳನ್ನು ಆಳಿದ ರಾಮದುರ್ಗ ಸಂಸ್ಥಾನದಲ್ಲಿಯೂ ದರಬಾರಿನ ಭಾಷೆ ಒಂದು, ನೇಕಾರ ಓಣಿಯ ಭಾಷೆ ಇನ್ನೊಂದು ಆಗಿಯೇ ಬಹಳ ಕಾಲ ನಡೆಯಿತು. ತಲೆಮಾರುಗಟ್ಟಲೆ ಪಕ್ಕಪಕ್ಕದಲ್ಲಿ ಇದ್ದರೂ ಭಾಷೆ ತಾನಾಗಿ ಈಚೆಯಿಂದ ಆಚೆಗೆ ದಾಟುವುದಿಲ್ಲ.

ಭಾರತ ಮತ್ತು ಚೀನಾಗಳ ನಡುವೆ ವಾಸಕಲಿಕೆ ಮೊದಲಾದದ್ದು ಅತ್ತಲಿಂದ ಇತ್ತ ಕಡೆಗೆ. ರಾಮದುರ್ಗಕ್ಕೆ ನೆರೆಯ ಬಾದಾಮಿಯಿಂದ ಆಳುತ್ತಿದ್ದ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಸುಮಾರು 641ರಲ್ಲಿ ಕಂಡುಹೋದ ಶುವಾನ್‌ಚಾಂಗ್, ಕನ್ನಡ ಪಠ್ಯಗಳು ಹ್ಯೂಯೆನ್‌ತ್ಸಾಂಗ್ ಎಂದು ಕರೆಯುವ ಯಾತ್ರಿಕ, ಅದಕ್ಕೆ ಮೊದಲು ನಾಲಂದಾದಲ್ಲಿ ಶೀಲಭದ್ರನ ಬಳಿ ವರ್ಷಗಟ್ಟಲೆ ಓದಿದ್ದನು. ಆದರೆ ಪದ್ಧತಿಯ ದೃಷ್ಟಿಯಿಂದ ಅವನಿಗಿಂತ ಮುಖ್ಯನಾದವನು 671ರಲ್ಲಿ ಹೊರಟ ಈಚಿಂಗ್. ಅವನು ನೇರವಾಗಿ ನಾಲಂದಾಕ್ಕೆ ಬರಲಿಲ್ಲ. ಇಂದಿನ ಸುಮಾತ್ರದಲ್ಲಿದ್ದ ಶ್ರೀವಿಜಯದಲ್ಲಿ ಆರು ತಿಂಗಳು ಸಂಸ್ಕೃತ ವ್ಯಾಕರಣ ಕಲಿತು, ಬಂಗಾಳದ ತಾಮ್ರಲಿಪ್ತಿಯಲ್ಲಿ ಮತ್ತೆ ತಂಗಿ ಭಾಷೆಯನ್ನು ಗಟ್ಟಿಮಾಡಿಕೊಂಡು, ಆಮೇಲೆ ನಾಲಂದಾ ಸೇರಿದನು. ಭಾರತಕ್ಕೆ ಹೋಗಬಯಸುವ ಭಿಕ್ಷುಗಳು ಶ್ರೀವಿಜಯದಲ್ಲಿ ಒಂದೆರಡು ವರ್ಷ ನಿಂತು ಸಿದ್ಧರಾಗಿ ಮುಂದುವರಿಯಬೇಕೆಂದು ಬರೆದಿಟ್ಟನು. ಮೊದಲು ಭಾಷೆ, ಆಮೇಲೆ ವಿದ್ಯೆ ಎಂಬ ಈ ಕ್ರಮವನ್ನು ಇಂದಿನ ವೈದ್ಯಕೀಯ ಪ್ರವೇಶದ ಏಜೆಂಟರು ತಮ್ಮ ಜಾಹೀರಾತುಗಳಲ್ಲಿ ಹೇಳುವುದು ಅಪರೂಪ.

ಚೀನೀ ಎಂದರೆ ಇಲ್ಲಿ ಪೂತೋಂಗ್‌ಹ್ವಾ, ಎಂದರೆ ಬೀಜಿಂಗ್ ಉಚ್ಚಾರವನ್ನು ಆಧಾರವಾಗಿಟ್ಟುಕೊಂಡ ಶಿಷ್ಟ ಭಾಷೆ. ಮ್ಯಾಂಡರಿನ್ ಎಂಬುದು ಅದಕ್ಕೆ ಹೊರಗಿನವರು ಇಟ್ಟ ಹೆಸರು. ಇದರ ಕಷ್ಟಗಳ ಪೈಕಿ ಮೊದಲಿನದು ಸ್ವರದ ಏರಿಳಿತ. ಕನ್ನಡದಲ್ಲಿ ದನಿಯ ಏರಿಳಿತ ಪ್ರಶ್ನೆ, ಸಿಟ್ಟು, ಅಚ್ಚರಿಗಳನ್ನು ತೋರಿಸುತ್ತದೆಯೇ ಹೊರತು ಶಬ್ದದ ಅರ್ಥವನ್ನು ಬದಲಿಸುವುದಿಲ್ಲ. ಚೀನೀಯಲ್ಲಿ ನಾಲ್ಕು ನಿಶ್ಚಿತ ಸ್ವರಗತಿಗಳಿದ್ದು ಒಂದೇ ಅಕ್ಷರಸಮೂಹ ಗತಿ ಬದಲಾದೊಡನೆ ಬೇರೆ ಶಬ್ದವಾಗುತ್ತದೆ. ಮಾಯ್ ಎಂಬುದನ್ನು ದನಿ ತಗ್ಗಿಸಿ ಕೊನೆಗೆ ಸ್ವಲ್ಪ ಎತ್ತಿ ಹೇಳಿದರೆ ಕೊಳ್ಳುವುದು, ಮೇಲಿಂದ ಥಟ್ಟನೆ ಇಳಿಸಿ ಹೇಳಿದರೆ ಮಾರುವುದು ಎಂದಾಗುತ್ತದೆ. ಬೈಲಹೊಂಗಲದ ಅರಳೆ ಪೇಟೆಯಲ್ಲಿ ಇಂಥದೊಂದು ತಪ್ಪಾದರೆ ವ್ಯಾಪಾರವೇ ಮಗುಚುತ್ತದೆಂಬುದನ್ನು ದಲ್ಲಾಳಿಗಳಿಗೆ ವಿವರಿಸಬೇಕಾಗಿಲ್ಲ. ಪುಸ್ತಕದಲ್ಲಿ ಈ ಗತಿಗಳನ್ನು ನಾಲ್ಕು ಗೆರೆಗಳಿಂದ ಗುರುತಿಸಿ ಮುಗಿಸಬಹುದಾದರೂ ಓಡುವ ಮಾತಿನಲ್ಲಿ ಒಂದರ ಪಕ್ಕ ಒಂದು ಬಂದಾಗ ಅವು ರೂಪ ಬದಲಿಸುತ್ತವೆ. ಅವನ್ನು ಹಿಡಿಯಲು ದಿನವಿಡೀ ಕಿವಿಗೆ ಬೀಳುವ ಮಾತೂ ತಪ್ಪಿದ ಕೂಡಲೇ ತಿದ್ದುವ ಗುರುವೂ ಬೇಕಾಗುತ್ತದೆ. ವಾಸಕಲಿಕೆಯ ಪರವಾಗಿರುವ ಅತಿ ಬಲವಾದ ವಾದ ಇದೇ.

ಉಳಿದ ಕಷ್ಟಗಳಲ್ಲಿ ಕೆಲವು ಕನ್ನಡಿಗನಿಗೆ ಅಷ್ಟು ದೊಡ್ಡವಲ್ಲ. ಇಂಗ್ಲಿಷಿನ ಮೂಲಕ ಹೋದುದರಿಂದ ದೊಡ್ಡವಾದವು. 1958ರಲ್ಲಿ ಚೀನಾ ಸರ್ಕಾರ ಒಪ್ಪಿದ ಪಿನ್‌ಯಿನ್ ಎಂಬ ರೋಮನ್ ಲಿಪಿಯ ಬರವಣಿಗೆಯಲ್ಲಿ ಇಂಗ್ಲಿಷಿನ ಬ, ದ, ಗ ಅಕ್ಷರಗಳನ್ನು ಬಳಸಿದ್ದರೂ ಅವುಗಳ ಉಚ್ಚಾರ ಅಲ್ಪಪ್ರಾಣದ ಪ, ತ, ಕ. ಪ, ತ, ಕ ಎಂದು ಬರೆದಿರುವ ಕಡೆ ಉಚ್ಚಾರ ಮಹಾಪ್ರಾಣದ ಫ, ಥ, ಖ. ಇಂಗ್ಲಿಷ್ ಕಿವಿಯವರು ವಾರಗಟ್ಟಲೆ ಒದ್ದಾಡುವ ಈ ಭೇದವನ್ನು ಕನ್ನಡ ವರ್ಣಮಾಲೆ ಒಂದನೆಯ ತರಗತಿಯಲ್ಲೇ ಕಲಿಸಿಕೊಟ್ಟಿರುತ್ತದೆ, ಮರಾಠಿಯ ಒಡನಾಟದ ಬೆಳಗಾವಿ ಸೀಮೆಯ ನಾಲಿಗೆಗೆ ಮಹಾಪ್ರಾಣ ಇನ್ನಷ್ಟು ಪರಿಚಿತ. ಹೀಗಿದ್ದೂ ಇಂಗ್ಲಿಷ್ ಪಠ್ಯ ಹಿಡಿದ ಕನ್ನಡದ ಹುಡುಗ ಪೇಯ್‌ಚಿಂಗ್ ಎನ್ನಬೇಕಾದಲ್ಲಿ ಬೀಜಿಂಗ್ ಎನ್ನುತ್ತಲೇ ಇರುತ್ತಾನೆ. ವಾಕ್ಯರಚನೆಯಲ್ಲಿಯೂ ಹೀಗೆಯೇ. ನಿನ್ನೆ ಬಂದ ಮುದುಕ ಎಂಬಲ್ಲಿ ಕನ್ನಡ ವಿಶೇಷಣವನ್ನೆಲ್ಲ ನಾಮಪದಕ್ಕಿಂತ ಮೊದಲು ಕೂಡಿಸುವಂತೆ ಚೀನೀಯೂ ಕೂಡಿಸುತ್ತದೆ. ಇಂಗ್ಲಿಷ್ ಇಂಥ ವಿಶೇಷಣ ವಾಕ್ಯವನ್ನು ನಾಮಪದದ ನಂತರಕ್ಕೆ ತಳ್ಳುತ್ತದೆ. ಕನ್ನಡದಿಂದ ನೇರವಾಗಿ ಹೋದವನಿಗೆ ಸಿಗುವ ಈ ಅನುಕೂಲಗಳನ್ನು ಬಿಟ್ಟು ಸುತ್ತುದಾರಿ ಹಿಡಿಯುವುದು ಕನ್ನಡಿಗರ ವಿದೇಶಿ ಭಾಷಾ ಕಲಿಕೆಗೆ ಅಂಟಿದ ಹಳೆಯ ರೋಗ. ಕ್ರಿಯಾಪದ ಕರ್ಮಕ್ಕಿಂತ ಮೊದಲು ಬರುವುದು, ಎಣಿಸುವ ಪ್ರತಿ ವಸ್ತುವಿಗೂ ಒಂದು ಮಾಪಕ ಶಬ್ದ ಬೇಕಾಗುವುದು ಮಾತ್ರ ಹೊಸ ಅಭ್ಯಾಸಗಳು. ಲಿಪಿಯ ಭಾರವಂತೂ ಎಲ್ಲರಿಗೂ ಒಂದೇ: 2013ರಲ್ಲಿ ಪ್ರಕಟವಾದ ಅಧಿಕೃತ ಪಟ್ಟಿಯಲ್ಲಿ 8,105 ಅಕ್ಷರಗಳಿದ್ದು ಅವುಗಳಲ್ಲಿ ನಿತ್ಯಬಳಕೆಯವು 3,500.

ಈ ಭಾರವನ್ನು ಗಂಟೆಗಳಲ್ಲಿ ಅಳೆದವರೂ ಇದ್ದಾರೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಯಭಾರ ಸಿಬ್ಬಂದಿಗೆ ಚೀನೀ ಕಲಿಸಲು 88 ವಾರಗಳ, ಸುಮಾರು 2,200 ಗಂಟೆಗಳ ತರಗತಿ ಬೇಕೆಂದು ಲೆಕ್ಕ ಹಾಕಿದೆ. ತೈವಾನ್ ಸರ್ಕಾರ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವ ಹ್ವಾಯೂ ವಿದ್ಯಾರ್ಥಿವೇತನದ ನಿಯಮದಂತೆ ವಾರಕ್ಕೆ ಕನಿಷ್ಠ 15 ಗಂಟೆ ಪಾಠಕ್ಕೆ ಕೂರಬೇಕು. ವರ್ಷದ 50 ವಾರ ಬಿಡದೆ ಕೂತರೂ ಅದು 750 ಗಂಟೆ, ಎಂದರೆ ಮೇಲಿನ ಲೆಕ್ಕದ ಮೂರನೆಯ ಒಂದು ಭಾಗ. ಆದ್ದರಿಂದ ಆರು ತಿಂಗಳಲ್ಲಿ ಚೀನೀ ಎಂದು ಆಸೆ ತೋರಿಸುವ ಮಾತುಗಳನ್ನು ಸಂತೆಯ ಮಾತೆಂದೇ ತಿಳಿಯಬೇಕು. ತೈಪೆಯ ರಾಷ್ಟ್ರೀಯ ನಾರ್ಮಲ್ ವಿಶ್ವವಿದ್ಯಾಲಯದ ಭಾಷಾ ಕೇಂದ್ರ 1956ರಲ್ಲಿ, ಬೀಜಿಂಗಿನ ಭಾಷಾ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯದ ಮೂಲ ಸಂಸ್ಥೆ 1962ರಲ್ಲಿ ಆರಂಭವಾದವು. ಅಮೆರಿಕದ ಮಿಡಲ್‌ಬರಿ ಕಾಲೇಜು 1915ರಿಂದ ಬೇಸಿಗೆಯ ಭಾಷಾ ಶಾಲೆಗಳನ್ನು ನಡೆಸುತ್ತಿದ್ದು, ಅಲ್ಲಿ ಚೀನೀ ಸೇರಿದ್ದು 1966ರಲ್ಲಿ. ಶಾಲೆ ಮುಗಿಯುವವರೆಗೆ ಕಲಿಯುವ ಭಾಷೆಯ ಹೊರತು ಬೇರೊಂದನ್ನು ಆಡುವುದಿಲ್ಲವೆಂದು ವಿದ್ಯಾರ್ಥಿ ಸಹಿ ಹಾಕಿದ ಪ್ರತಿಜ್ಞೆ ಅಲ್ಲಿಯ ವೈಶಿಷ್ಟ್ಯ. ಬೀಜಿಂಗಿನ ಅನೇಕ ತರಬೇತಿಗಳು ಈ ಪ್ರತಿಜ್ಞೆಯನ್ನೇ ಅನುಸರಿಸುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ, ಮಿಡಲ್‌ಬರಿ ಇರುವುದು ಚೀನಾದಲ್ಲಿ ಅಲ್ಲ, ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ. ದೇಶ ಬದಲಾಗದೆಯೂ ವಾಸಕಲಿಕೆ ನಡೆಯಬಹುದೆಂದಾಯಿತು. ಭಾಷೆ ಬದಲಾಗದಿದ್ದರೆ ದೇಶ ಬದಲಾಗಿಯೂ ಅದು ನಡೆಯುವುದಿಲ್ಲ.

ಭಾರತದಲ್ಲಿ ಚೀನೀ ಅಧ್ಯಯನಕ್ಕೆ 1937ರಲ್ಲಿ ಶಾಂತಿನಿಕೇತನದಲ್ಲಿ ಆರಂಭವಾದ ಚೀನಾ ಭವನ ನೆಲೆ ಹಾಕಿತು. 1947ರಲ್ಲಿ ಭಾರತ ಸರ್ಕಾರ ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಕಳಿಸಿದ ಹತ್ತು ವಿದ್ಯಾರ್ಥಿಗಳಲ್ಲಿ ಒಬ್ಬರಾಗಿದ್ದ ವಸಂತ ಪರಾಂಜಪೆ 1954ರಲ್ಲಿ ನೆಹರೂ ಮತ್ತು ಮಾವೊ ನಡುವಿನ ಮಾತುಕತೆಯಲ್ಲಿ ದುಭಾಷಿಯಾದರು. ಆದರೆ ವೈದ್ಯಕೀಯಕ್ಕೂ ಭಾಷೆಗೂ ಇರುವ ನಂಟಿನ ವಿಷಯದಲ್ಲಿ ನೆನೆಯಬೇಕಾದ ಹೆಸರು ಕನ್ನಡ, ಮರಾಠಿ, ತೆಲುಗು ಮೂರೂ ಬೀದಿಯಲ್ಲಿ ಕೇಳಿಬರುವ ಸೊಲ್ಲಾಪುರದ್ದು. 1910ರಲ್ಲಿ ಅಲ್ಲಿ ಜನಿಸಿದ ದ್ವಾರಕಾನಾಥ ಕೋಟ್ನೀಸ್ 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋಗಿ, ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆ ಮಾಡುತ್ತಲೇ ಚೀನೀ ಕಲಿತು, ಆ ಭಾಷೆಯಲ್ಲೇ ಎಳೆಯ ವೈದ್ಯರಿಗೆ ಪಾಠ ಹೇಳುವಷ್ಟು ಬೆಳೆದು, 1941ರ ಜನವರಿಯಲ್ಲಿ ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. 1942ರ ಡಿಸೆಂಬರ್ 9ರಂದು ಅಲ್ಲಿಯೇ ತೀರಿಕೊಂಡರು. ಅವರಿಗೆ ಯಾವ ಭಾಷಾ ಕೇಂದ್ರದ ಸೌಲಭ್ಯವೂ ಇರಲಿಲ್ಲ. ಗಾಯಗೊಂಡು ಮಲಗಿದ ರೈತ ಸೈನಿಕನಿಗೆ ಇಂಗ್ಲಿಷ್ ಬಾರದಿದ್ದುದೇ ಅವರ ಪಾಠಶಾಲೆಯಾಯಿತು.

ಈಗಿನ ವಿದ್ಯಾರ್ಥಿಯ ಪರಿಸ್ಥಿತಿ ಇದಕ್ಕೆ ತಲೆಕೆಳಗಾಗಿದೆ. 2020ರ ಹೊತ್ತಿಗೆ ಚೀನಾದ ವಿಶ್ವವಿದ್ಯಾಲಯಗಳಲ್ಲಿ ಸುಮಾರು 23,000 ಭಾರತೀಯರಿದ್ದು ಅವರಲ್ಲಿ ಬಹುಪಾಲು ಮಂದಿ ಎಂಬಿಬಿಎಸ್ ಓದುವವರು. ಅವರು ಸೇರುವುದು ವಿದೇಶೀಯರಿಗೆಂದೇ ತೆರೆದ ಇಂಗ್ಲಿಷ್ ಮಾಧ್ಯಮದ ತರಗತಿಗೆ. ಇದು ವಿಶ್ವವಿದ್ಯಾಲಯಗಳ ವ್ಯಾಪಾರಬುದ್ಧಿ ಮಾತ್ರವಲ್ಲ. ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಗಳೇ ವಿದೇಶದಲ್ಲಿ ಕನಿಷ್ಠ 54 ತಿಂಗಳ ಓದು ಇಂಗ್ಲಿಷ್ ಮಾಧ್ಯಮದಲ್ಲಿ ಆಗಿರಬೇಕೆಂದೂ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಷಿಪ್ ಮುಗಿಸಬೇಕೆಂದೂ ವಿಧಿಸುತ್ತವೆ. ಇಂಟರ್ನ್‌ಷಿಪ್ ಎಂದರೆ ವಾರ್ಡಿನಲ್ಲಿ ರೋಗಿಯ ಹಾಸಿಗೆಯ ಬಳಿ ನಿಲ್ಲುವುದು, ರೋಗಿ ಆಡುವುದು ಚೀನೀ. ಪಾಠಕ್ಕೆ ಒಂದು ಭಾಷೆ, ರೋಗಿಗೆ ಇನ್ನೊಂದು ಭಾಷೆ ಎಂಬ ಈ ಬಿರುಕನ್ನು ಮುಚ್ಚಲು ಚೀನಾದ ವಿಶ್ವವಿದ್ಯಾಲಯಗಳು ಎಚ್‌ಎಸ್‌ಕೆ ಎಂಬ ಚೀನೀ ಸಾಮರ್ಥ್ಯ ಪರೀಕ್ಷೆಯ ನಾಲ್ಕನೆಯ ಹಂತವನ್ನು ಕಡ್ಡಾಯ ಮಾಡಿವೆಯೆಂದೂ ಅದನ್ನು ದಾಟದವರಿಗೆ ಪದವಿ ಸಿಗದೆಂದೂ ಬೀಜಿಂಗಿನ ಭಾರತೀಯ ರಾಯಭಾರ ಕಚೇರಿ 2022ರ ಸೆಪ್ಟೆಂಬರಿನಲ್ಲಿ ಎಚ್ಚರಿಸಿತು. ಚೀನಾದಲ್ಲಿ ಓದಿ 2015ರಿಂದ 2021ರವರೆಗೆ ಭಾರತದ ಅರ್ಹತಾ ಪರೀಕ್ಷೆಗೆ ಕೂತ 40,417 ಮಂದಿಯಲ್ಲಿ 6,387 ಮಂದಿ ಮಾತ್ರ ತೇರ್ಗಡೆಯಾದ ಲೆಕ್ಕವನ್ನೂ ಅದೇ ಎಚ್ಚರಿಕೆಯಲ್ಲಿ ಕೊಟ್ಟಿತ್ತು. ಆ ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಿ ಆದ್ದರಿಂದ ಸೋಲಿನ ಹೊಣೆಯನ್ನೆಲ್ಲ ಚೀನೀ ಭಾಷೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ರೋಗಿಯೊಂದಿಗೆ ಮಾತಾಡದೆ ಕಳೆದ ವಾರ್ಡಿನ ವರ್ಷ ವೈದ್ಯನ ವಿದ್ಯೆಗೆ ಏನನ್ನೂ ಕೂಡಿಸಿರುವುದಿಲ್ಲ.

ಎಚ್‌ಎಸ್‌ಕೆ ನಾಲ್ಕನೆಯ ಹಂತ 2010ರ ಪಠ್ಯಕ್ರಮದಲ್ಲಿ 1,200 ಶಬ್ದಗಳದ್ದು. ಜ್ವರ, ಕೆಮ್ಮು, ನೋವು, ಆಸ್ಪತ್ರೆ ಎಂಬಷ್ಟು ಅದರಲ್ಲಿ ಸಿಗುತ್ತದೆ. ಬೈಲಹೊಂಗಲದ ತಾಲ್ಲೂಕು ಆಸ್ಪತ್ರೆಗೆ ಬಂದ ಹಳ್ಳಿಯ ಮುದುಕಿ ‘ಎದಿ ಹಿಡದಂಗ ಆಕ್ಕೈತಿ, ಹೊಟ್ಯಾಗ ಕಳಮಳ ಅಂತೈತಿ’ ಎಂದಾಗ, ಶಾಲೆಯ ಪಠ್ಯದಿಂದ ಕನ್ನಡ ಕಲಿತ ಹೊರನಾಡಿನ ವೈದ್ಯ ಎಷ್ಟು ತಬ್ಬಿಬ್ಬಾದಾನೋ ಅಷ್ಟೇ ತಬ್ಬಿಬ್ಬು ಈ 1,200 ಶಬ್ದ ಹಿಡಿದು ಹೋದವನಿಗೂ ಆಗುತ್ತದೆ. ಅದರ ಮೇಲೆ ಚೀನಾದ ವಯಸ್ಸಾದ ರೋಗಿಗಳು ಹಲವೆಡೆ ಆಡುವುದು ಪೂತೋಂಗ್‌ಹ್ವಾ ಅಲ್ಲ, ತಮ್ಮ ಪ್ರಾಂತದ ನುಡಿ. ಫ್ಲೀಟ್ ಶಾಸನದ ಕನ್ನಡ ಬಿಟ್ಟು ಲಾವಣಿಯ ಕನ್ನಡಕ್ಕೆ ಇಳಿದಂತೆ ಇಲ್ಲಿಯೂ ಪಠ್ಯದಿಂದ ಓಣಿಗೆ ಇಳಿಯದೆ ಬೇರೆ ಉಪಾಯವಿಲ್ಲ. ಇಳಿಯಲು ತಡೆಯಾಗಿರುವುದು ವಿದ್ಯಾರ್ಥಿಯ ಸುತ್ತ ಕಟ್ಟಿಕೊಂಡಿರುವ ಏರ್ಪಾಡು: ವಿದೇಶೀಯರಿಗೇ ಮೀಸಲಾದ ಹಾಸ್ಟೆಲು, ಅದರೊಳಗೆ ತಮ್ಮ ಭಾಷೆಯ ಗುಂಪು, ಅನ್ನ ಸಾರಿನ ಇಂಡಿಯನ್ ಮೆಸ್ಸು, ಕೈಯಲ್ಲಿ ಅನುವಾದಿಸಿ ಕೊಡುವ ಫೋನು. ಮನೆಯವರಿಗೆ ಧೈರ್ಯ ಕೊಡುವ ಈ ಏರ್ಪಾಡನ್ನು ಏಜೆಂಟರು ಸೌಲಭ್ಯವೆಂದು ಹೇಳಿಕೊಳ್ಳುತ್ತಾರೆ, ಭಾಷೆಯ ಲೆಕ್ಕದಲ್ಲಿ ಅದು ಗೋಡೆ. ಸಸ್ಯಾಹಾರಿ ಮನೆಯಿಂದ ಹೋದ ಹದಿನೆಂಟರ ಹುಡುಗಿಗೆ ಮೆಸ್ಸು ಬಿಡು ಎಂದು ಹೇಳುವುದು ಸುಲಭವಲ್ಲ, ನಿಜ. ಆದರೆ ದಿನಕ್ಕೊಂದು ಊಟವನ್ನಾದರೂ ಚೀನೀ ಸಹಪಾಠಿಗಳ ಕ್ಯಾಂಟೀನಿನಲ್ಲಿ, ಮಾಂಸವಿಲ್ಲದ್ದು ಯಾವುದೆಂದು ಕೇಳಿ ತಿಳಿದು ಉಣ್ಣುವವಳಿಗೆ ಮೂರು ತಿಂಗಳಲ್ಲಿ ಬರುವ ಮಾತು ಮೆಸ್ಸಿನವಳಿಗೆ ಮೂರು ವರ್ಷದಲ್ಲಿ ಬಾರದು. 2020ರಲ್ಲಿ ಕೋವಿಡ್ ಕಾರಣದಿಂದ ಊರಿಗೆ ಮರಳಿದವರು 2022ರ ಆಗಸ್ಟಿನ ನಂತರ ವೀಸಾ ದೊರೆಯುವವರೆಗೆ ಫೋನಿನ ಪರದೆಯಲ್ಲಿ ಪಾಠ ಕೇಳಿದರು. ವಾಸವೂ ಇಲ್ಲದ, ಅಗತ್ಯವೂ ಇಲ್ಲದ ಆ ಎರಡು ವರ್ಷಗಳಲ್ಲಿ ಭಾಷೆಗೆ ಆದ ನಷ್ಟವನ್ನು ಊಹಿಸಬಹುದು.

ಚೀನಾ ಸರ್ಕಾರ ತನ್ನ ವಿದ್ಯಾರ್ಥಿವೇತನದ ಮೇಲೆ ಸ್ನಾತಕ ಪದವಿಗೆ ಬರುವವರನ್ನು ಸಾಮಾನ್ಯವಾಗಿ ಚೀನೀ ಮಾಧ್ಯಮದಲ್ಲಿಯೇ ಓದಿಸುತ್ತದೆ, ಚೀನೀ ಸಾಲದವರನ್ನು ಅದಕ್ಕೆ ಮೊದಲು ಒಂದು ವರ್ಷ ಭಾಷೆಯ ಪೂರ್ವಸಿದ್ಧತೆಗೆ ಕೂರಿಸುತ್ತದೆ. ಈಚಿಂಗ್ ಶ್ರೀವಿಜಯದಲ್ಲಿ ಕಳೆದ ಕಾಲದ ಇಂದಿನ ರೂಪ ಅದು. ಸ್ವಂತ ಖರ್ಚಿನಲ್ಲಿ, ಬ್ಯಾಂಕಿನ ಸಾಲ ಮಾಡಿ ಹೋಗುವ ಇಂಗ್ಲಿಷ್ ಮಾಧ್ಯಮದ ವೈದ್ಯಕೀಯ ವಿದ್ಯಾರ್ಥಿಗೆ ಮಾತ್ರ ಆ ವರ್ಷ ಸಿಗದೆ, ವಾರಕ್ಕೆ ಕೆಲವೇ ಗಂಟೆಗಳ ಭಾಷಾ ಪಾಠ ಅಂಗರಚನಾಶಾಸ್ತ್ರದ ನಡುವೆ ತುರುಕಿಕೊಂಡಿರುತ್ತದೆ. ಶಾಲೆಯಲ್ಲೇ ಅಡಿಪಾಯ ಹಾಕೋಣವೆಂದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಹೆಸರಿಸಿದ ವಿದೇಶಿ ಭಾಷೆಗಳ ಪಟ್ಟಿಯಲ್ಲಿ ಕೊರಿಯನ್, ಜಪಾನೀ, ಥಾಯ್ ಭಾಷೆಗಳಿದ್ದು, ಹಿಂದಿನ ಕರಡಿನಲ್ಲಿದ್ದ ಚೀನೀ ಬಿಟ್ಟುಹೋಗಿದೆ. ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದಂಥ ಸಂಸ್ಥೆ ಪಿಯುಸಿ ಫಲಿತಾಂಶಕ್ಕೂ ವಿಮಾನ ಹತ್ತುವ ದಿನಕ್ಕೂ ನಡುವಿನ ತಿಂಗಳುಗಳಲ್ಲಿ ಕನ್ನಡದ ಮೂಲಕವೇ ಚೀನೀ ಉಚ್ಚಾರವನ್ನೂ ಮೊದಲ ಐನೂರು ಶಬ್ದಗಳನ್ನೂ ಕಲಿಸುವ ವಸತಿ ಶಿಬಿರವೊಂದನ್ನು ನಡೆಸಿದರೆ ಖರ್ಚು ದೊಡ್ಡದಾಗದು, ಪ್ರಯೋಜನ ದೊಡ್ಡದು. ಅಲ್ಲಿಯವರೆಗೆ ಮಗನನ್ನೋ ಮಗಳನ್ನೋ ಚೀನಾಕ್ಕೆ ಕಳಿಸಲು ಹೊಲ ಅಡವಿಡಲು ಹೊರಟ ತಂದೆತಾಯಿ ಏಜೆಂಟನ ಮುಂದೆ ಮೆಸ್ಸಿನ ವಿಚಾರ ಕೇಳುವ ಮೊದಲು ಮೂರು ಮಾತು ಕೇಳಿಕೊಳ್ಳಬೇಕು: ವಾರಕ್ಕೆ ಎಷ್ಟು ಗಂಟೆ ಚೀನೀ ಪಾಠ, ಹಾಸ್ಟೆಲಿನಲ್ಲಿ ಚೀನೀ ವಿದ್ಯಾರ್ಥಿಗಳ ಜೊತೆ ಇರಲು ಅವಕಾಶ ಉಂಟೇ, ವಾರ್ಡಿಗೆ ಹೋಗುವ ಮೊದಲು ಎಚ್‌ಎಸ್‌ಕೆ ನಾಲ್ಕನೆಯ ಹಂತ ದಾಟಿಸುವ ಹೊಣೆ ಯಾರದು. ಇವಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗದ ಕಡೆ ಮುಂಗಡ ಹಣ ಕಟ್ಟಬಾರದು.